ಒಬ್ಬ ಹಿರಿಯರಿಗೆ ಇಬ್ಬರು ಕಿರಿಯರು: ಯುವಜನ ಶಿಬಿರದಲ್ಲಿ ಕೂಡಿ ದುಡಿಯುವ ಪಾಠ

(ಧರ್ಮಕೇಂದ್ರದ ಯುವಜನ ಮುಂದಾಳುಗಳು, ಪಾಲನಾ ಸಮಿತಿಯ ಸದಸ್ಯರು, ಉಪದೇಶಿಗಳು ಮತ್ತು ಸ್ವಸಹಾಯ ಸಂಘದ ಹಿರಿಯರು ಒಟ್ಟಿಗೆ ಕುಳಿತು ಓದಬೇಕಾದ ಪಾಠ. ಅವಧಿ: ಸುಮಾರು ಒಂದೂವರೆ ಗಂಟೆ.)



ಬೇಸಿಗೆ ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಶಿಬಿರದ ಮಾತು ಶುರುವಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆಗೆ ಹೋದರೂ ಶಿಬಿರದ ಚಿತ್ರ ಹೆಚ್ಚು ಕಡಿಮೆ ಒಂದೇ. ಮೊದಲ ದಿನ ಉದ್ಘಾಟನೆ. ವೇದಿಕೆಯ ಮೇಲೆ ಆರೇಳು ಜನ ಹಿರಿಯರು, ಅವರಿಗೆ ಹಾರ, ಹಣ್ಣು, ಶಾಲು. ಎಲ್ಲರೂ "ಇಂದಿನ ಯುವಕರೇ ನಾಳಿನ ಧರ್ಮಸಭೆ" ಎಂದು ಭಾಷಣ ಮಾಡುತ್ತಾರೆ. ಊಟ ಮುಗಿಸಿಕೊಂಡು ಹೊರಟುಬಿಡುತ್ತಾರೆ. ಅವರು ಕುಳಿತಿದ್ದ ಕುರ್ಚಿಗಳನ್ನು ಎತ್ತಿಡುವುದು, ಪಾತ್ರೆ ತೊಳೆಯುವುದು, ಮೈಕ್ ಬಿಚ್ಚುವುದು ಎಲ್ಲ ಯುವಜನರ ಪಾಲು. ಸಮಾರೋಪದ ದಿನ ಹಿರಿಯರು ಮತ್ತೆ ಬರುತ್ತಾರೆ, ಪ್ರಮಾಣಪತ್ರ ಹಂಚುತ್ತಾರೆ.

ವೇದಿಕೆ ಹಿರಿಯರಿಗೆ, ಓಡಾಟ ಕಿರಿಯರಿಗೆ. ಇದನ್ನು ಕೂಡಿ ದುಡಿಯುವುದು ಎನ್ನಲಾಗದು. ಒಂದೇ ಚಪ್ಪರದ ಕೆಳಗೆ ಇದ್ದರೂ ಎರಡು ತಲೆಮಾರುಗಳು ಒಬ್ಬರನ್ನೊಬ್ಬರು ಮುಟ್ಟದೆ ಹೋಗುತ್ತವೆ.

ಈ ಪಾಠ ಹೇಳುವುದು ಇಷ್ಟೇ: ಹಿರಿಯರಿಗೆ ಗೌರವದ ಜೊತೆಗೆ ಕೆಲಸವನ್ನೂ ಕೊಡಿ. ಕಿರಿಯರಿಗೆ ಕೆಲಸದ ಜೊತೆಗೆ ತೀರ್ಮಾನ ಮಾಡುವ ಅಧಿಕಾರವನ್ನೂ ಕೊಡಿ. ಇಬ್ಬರನ್ನೂ ಒಂದೇ ಕೆಲಸದಲ್ಲಿ ಹಾಕಿ.

1. ಗೊರೂರಿನ ನೆಲ ಕಲಿಸುವ ಪಾಠ

ಶಿಬಿರಕ್ಕೆ ಗೊರೂರಿನ ಸುತ್ತಮುತ್ತ ಜಾಗ ಹುಡುಕುವವರು ಸಾಮಾನ್ಯವಾಗಿ ನೋಡುವುದು ಹೇಮಾವತಿಯ ನೀರು, ತಂಪು ಗಾಳಿ, ಅಣೆಕಟ್ಟೆಯ ನೋಟ. ಆದರೆ ಈ ನೀರಿನ ಅಡಿಯಲ್ಲಿ ನಮ್ಮದೇ ಜನರ ಊರುಗಳಿವೆ ಎಂಬುದು ಎಷ್ಟು ಯುವಜನರಿಗೆ ಗೊತ್ತು?

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯವಿದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಹಲವು ಊರುಗಳನ್ನು ನುಂಗಿತು, ಜನ ಮನೆ ಬಿಟ್ಟು ಹೊಸ ನೆಲೆಗಳಿಗೆ ಹೋದರು. ದೇವಾಲಯ ಮಾತ್ರ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಸುತ್ತ ನೀರು, ಬೇಸಿಗೆಯಲ್ಲಿ ನಡೆದು ಹೋಗಬಹುದಾದ ಬಯಲು.

ಈಗ ಆ ಜಾಗ ಪ್ರವಾಸಿಗರ ಫೋಟೋಗೆ ಹೆಸರುವಾಸಿ. ನಮ್ಮ ಹುಡುಗರೂ ಹೋಗುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ, ಬರುತ್ತಾರೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. 1979ರಲ್ಲಿ 20 ವರ್ಷದವರಾಗಿದ್ದವರು ಇಂದು 65 ದಾಟಿದ್ದಾರೆ. ಆ ದೇವಾಲಯದಲ್ಲಿ ಮದುವೆಯಾದವರಲ್ಲಿ, ಅಲ್ಲಿ ಜ್ಞಾನಸ್ನಾನ ಪಡೆದವರಲ್ಲಿ ಅನೇಕರು ಈಗಾಗಲೇ ತೀರಿಹೋಗಿದ್ದಾರೆ. ಹಬ್ಬದ ಮೆರವಣಿಗೆ ಯಾವ ಬೀದಿಯಲ್ಲಿ ತಿರುಗುತ್ತಿತ್ತು, ಯಾವ ಹೊಲದಲ್ಲಿ ಏನು ಬೆಳೆಯುತ್ತಿತ್ತು, ಊರು ಬಿಡುವ ದಿನ ಅಜ್ಜಿಯರು ಏನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟರು, ಇವೆಲ್ಲ ಯಾವ ಕಡತದಲ್ಲೂ ಇಲ್ಲ. ಇರುವುದು ಕೆಲವು ಅಜ್ಜ ಅಜ್ಜಿಯರ ನೆನಪಿನಲ್ಲಿ ಮಾತ್ರ. ಇನ್ನು ಹತ್ತು ಹದಿನೈದು ವರ್ಷ ನಾವು ಕೇಳದೆ ಇದ್ದರೆ ಆಮೇಲೆ ಕೇಳಲು ಯಾರೂ ಇರುವುದಿಲ್ಲ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಕೇಳದೆ ಬಿಟ್ಟ ಕಥೆಯನ್ನು ಎಲ್ಲಿಂದ ತರುತ್ತೀರಿ?

ಇತ್ತ ಯುವಜನರ ಕಡೆಯಿಂದಲೂ ಒಂದು ನಷ್ಟವಿದೆ. ಪಿ.ಯು.ಸಿ., ಐ.ಟಿ.ಐ. ಮುಗಿಸಿದವರು ಬೆಂಗಳೂರಿಗೋ ಮೈಸೂರಿಗೋ ಹೋಗುತ್ತಾರೆ. ಊರಿನ ಜೊತೆ ಅವರನ್ನು ಕಟ್ಟಿಹಾಕುವ ದಾರ ತೆಳುವಾಗುತ್ತಾ ಬರುತ್ತದೆ. ಅಪ್ಪ ಅಮ್ಮನನ್ನು ಬಿಟ್ಟರೆ ಊರಿನಲ್ಲಿ "ಬಂದ್ಯೇನಪ್ಪಾ, ಕೆಲಸ ಸಿಕ್ತಾ?" ಎಂದು ಕೇಳುವ ಇನ್ನೊಬ್ಬ ಹಿರಿಯರು ಅವರಿಗೆ ಇರುವುದಿಲ್ಲ. ಶಿಬಿರ ಈ ದಾರವನ್ನು ಗಟ್ಟಿ ಮಾಡಬಲ್ಲದು. ಮೂರು ದಿನ ಒಟ್ಟಿಗೆ ದುಡಿದವರು ಮೂವತ್ತು ವರ್ಷ ಮಾತಾಡಿಸುತ್ತಾರೆ.

ಗೊರೂರಿನವರೇ ಆದ ಡಾ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರನ್ನು (1904–1991) ಇಲ್ಲಿ ನೆನೆಯಬಹುದು. ಹಳ್ಳಿಯ ಬದುಕನ್ನು ನಗುನಗುತ್ತಾ ಬರೆದ ಅವರು ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಅಮೆರಿಕಾ ನೋಡಿ ಬಂದು "ಅಮೆರಿಕಾದಲ್ಲಿ ಗೊರೂರು" ಬರೆದರು. ಆ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಯಸ್ಸಾದ ಮೇಲೆ ಹೊಸದನ್ನು ಕಲಿಯಲಾಗದು ಎನ್ನುವವರಿಗೆ ಇದೇ ಉತ್ತರ. ಅವರ ಕಥೆಯನ್ನು ಆಧರಿಸಿದ "ಭೂತಯ್ಯನ ಮಗ ಅಯ್ಯು" ಚಿತ್ರ 1974ರಲ್ಲಿ ಬಂತು. ಶಿಬಿರದ ಒಂದು ಸಂಜೆ ಅದನ್ನು ತೋರಿಸಿ. ಅಪ್ಪನ ಕಾಲದ ಹಗೆ ಮಕ್ಕಳ ತಲೆಗೆ ಹೇಗೆ ಬರುತ್ತದೆ, ಅದರಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂಬ ಬಗ್ಗೆ ಹಿರಿಯರೂ ಕಿರಿಯರೂ ಕೂಡಿ ಮಾತಾಡಲು ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕುವುದು ಕಷ್ಟ.

2. ದೇವರ ವಾಕ್ಯದ ಬೆಳಕಿನಲ್ಲಿ

ಪವಿತ್ರ ಬೈಬಲ್ಲಿನ ಎರಡು ಪ್ರಸಂಗಗಳನ್ನು ಓದಿಕೊಳ್ಳಿ.

ಮೊದಲನೆಯದು ಸಮುವೇಲನ ಮೊದಲನೆಯ ಗ್ರಂಥ, 3ನೆಯ ಅಧ್ಯಾಯ. ಯಾಜಕ ಏಲಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ದೇವರ ಕರೆ ಬಂದದ್ದು ಅವರಿಗಲ್ಲ, ಬಾಲಕ ಸಮುವೇಲನಿಗೆ. ಆದರೆ ಅದು ದೇವರ ಕರೆ ಎಂದು ಹುಡುಗನಿಗೆ ತಿಳಿಯಲಿಲ್ಲ, ಮುದುಕ ಏಲಿಗೆ ತಿಳಿಯಿತು. ಕಿವಿ ಹುಡುಗನದು, ಗುರುತು ಹಿಡಿಯುವ ಅನುಭವ ಹಿರಿಯರದು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರಿಂದ ಆಗುತ್ತಿರಲಿಲ್ಲ. ಇನ್ನೂ ಒಂದು ವಿಷಯ ಗಮನಿಸಿ. ಹುಡುಗನಿಗೆ ಬಂದ ಸಂದೇಶ ಏಲಿಯ ಮನೆತನಕ್ಕೆ ಕಹಿಯಾದದ್ದು. ಹುಡುಗ ಹೇಳಲು ಹೆದರಿದ. ಏಲಿಯೇ "ಮುಚ್ಚಿಡಬೇಡ" ಎಂಬಂತೆ ಒತ್ತಾಯ ಮಾಡಿ ಕೇಳಿಸಿಕೊಂಡರು. ಕಿರಿಯರ ಬಾಯಿಂದ ಕಹಿ ಮಾತು ಕೇಳುವ ತಾಳ್ಮೆ ನಮ್ಮಲ್ಲಿ ಎಷ್ಟು ಜನ ಹಿರಿಯರಿಗಿದೆ?

ಎರಡನೆಯದು ವಿಮೋಚನಾಕಾಂಡ, 18ನೆಯ ಅಧ್ಯಾಯ. ಮೋಶೆಯನ್ನು ನೋಡಲು ಅವನ ಮಾವ ಇತ್ರೋ ಬರುತ್ತಾನೆ. ಅಳಿಯ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಜನರ ವ್ಯಾಜ್ಯ ತೀರಿಸುತ್ತಾ ಕುಳಿತಿರುವುದನ್ನು ಕಾಣುತ್ತಾನೆ. ಇತ್ರೋ ಮಾಡಿದ ಕೆಲಸದ ಕ್ರಮ ನೋಡಿ: ಮೊದಲು ಕಣ್ಣಾರೆ ನೋಡಿದ. ಆಮೇಲೆ "ಯಾಕೆ ಹೀಗೆ ಮಾಡ್ತೀಯ?" ಎಂದು ಕೇಳಿದ. ಉತ್ತರ ಕೇಳಿಸಿಕೊಂಡ. ಆಮೇಲೆ ಸಲಹೆ ಕೊಟ್ಟ, ಹೊರೆಯನ್ನು ಹಂಚಿಕೋ ಎಂದ. ಕೊನೆಗೆ ತನ್ನ ಊರಿಗೆ ಹೊರಟುಹೋದ. ಅಲ್ಲೇ ಕುಳಿತು "ನಾನು ಹೇಳಿದ ಹಾಗೆ ಮಾಡ್ತಿದ್ದೀಯೋ ಇಲ್ಲವೋ" ಎಂದು ಪಹರೆ ಕಾಯಲಿಲ್ಲ. ನೋಡು, ಕೇಳು, ಹೇಳು, ಬಿಟ್ಟುಕೊಡು. ಶಿಬಿರಕ್ಕೆ ಬರುವ ಪ್ರತಿಯೊಬ್ಬ ಹಿರಿಯರೂ ಈ ನಾಲ್ಕು ಮಾತನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದರೆ ಅರ್ಧ ಜಗಳ ತಪ್ಪುತ್ತದೆ.

2018ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಯುವಜನರ ಬಗ್ಗೆ ಧರ್ಮಾಧ್ಯಕ್ಷರ ಸಿನೋದ್ ನಡೆಯಿತು. ಅದಾದ ಮೇಲೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು "ಕ್ರಿಸ್ತುಸ್ ವಿವಿತ್" ಎಂಬ ಪ್ರೇಷಿತ ಪತ್ರ ಬರೆದರು. ಅದರಲ್ಲಿ ಸಮೋವಾ ದ್ವೀಪದ ಒಬ್ಬ ಯುವ ಪ್ರತಿನಿಧಿ ಹೇಳಿದ ಹೋಲಿಕೆಯನ್ನು ಅವರು ನೆನೆಯುತ್ತಾರೆ. ಧರ್ಮಸಭೆ ಒಂದು ದೋಣಿ. ಹಿರಿಯರು ನಕ್ಷತ್ರ ನೋಡಿ ದಿಕ್ಕು ಹೇಳುತ್ತಾರೆ, ಕಿರಿಯರು ಹುಟ್ಟು ಹಾಕುತ್ತಾರೆ. ಹೇಮಾವತಿಯಲ್ಲಿ ತೆಪ್ಪ ನೋಡಿದ ನಮಗೆ ಇದು ಬೇಗ ಅರ್ಥವಾಗುತ್ತದೆ. ತೆಪ್ಪ ದುಂಡಗಿರುತ್ತದೆ. ಬರೀ ತೋಳಿನ ಬಲವಿದ್ದು ದಿಕ್ಕು ಗೊತ್ತಿಲ್ಲದಿದ್ದರೆ ಅದು ಇದ್ದಲ್ಲೇ ಸುತ್ತುತ್ತದೆ. ದಿಕ್ಕು ಗೊತ್ತಿದ್ದು ತೋಳಿನಲ್ಲಿ ಬಲವಿಲ್ಲದಿದ್ದರೆ ನೀರು ಎಳೆದತ್ತ ಹೋಗುತ್ತದೆ. ಅದೇ ವಿಶ್ವಗುರುಗಳು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನವೆಂದು ಘೋಷಿಸಿದರು. ಬೇಸಿಗೆ ಶಿಬಿರದಲ್ಲಿ ಕೂಡಿದವರು ಆ ಭಾನುವಾರ ಮತ್ತೆ ಸೇರಲು ಒಳ್ಳೆಯ ನೆಪ ಅದು.

3. ಸಮಾಜಕಾರ್ಯ ಏನು ಹೇಳುತ್ತದೆ?

ಮಕ್ಕಳ ಮತ್ತು ಯುವಜನರ ಭಾಗವಹಿಸುವಿಕೆಯ ಬಗ್ಗೆ ರೋಜರ್ ಹಾರ್ಟ್ ಎಂಬುವರು 1992ರಲ್ಲಿ ಯುನಿಸೆಫ್‌ಗಾಗಿ ಒಂದು ಬರಹ ಸಿದ್ಧಪಡಿಸಿದರು. ಅದರಲ್ಲಿ ಎಂಟು ಮೆಟ್ಟಿಲಿನ ಏಣಿಯ ಚಿತ್ರವಿದೆ. ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆ ಎಂದು ಒಪ್ಪುವುದೇ ಇಲ್ಲ. ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸುವುದು, ಇವೇ ಆ ಮೂರು. ಸ್ವಾಗತ ನೃತ್ಯಕ್ಕೆ ಮಾತ್ರ ಕರೆಸಿಕೊಳ್ಳುವ ಹೆಣ್ಣುಮಕ್ಕಳು, ಸಮಿತಿಯಲ್ಲಿ ಹೆಸರಿದ್ದು ಸಭೆಗೆ ಕರೆ ಬಾರದ ಯುವ ಪ್ರತಿನಿಧಿ, ಇವರೆಲ್ಲ ಯಾವ ಮೆಟ್ಟಿಲಿನಲ್ಲಿದ್ದಾರೆ ಎಂದು ನೀವೇ ಹೇಳಿ.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಯಾವುದು? ಕಿರಿಯರೇ ಎಲ್ಲ ನಡೆಸುವುದು ಎಂದುಕೊಳ್ಳಬೇಡಿ. ಅದು ಏಳನೆಯದು. ಎಂಟನೆಯದು ಕಿರಿಯರು ಯೋಚನೆ ಆರಂಭಿಸಿ, ಹಿರಿಯರ ಜೊತೆ ಕೂಡಿ ತೀರ್ಮಾನ ತೆಗೆದುಕೊಳ್ಳುವುದು. "ನಮ್ಮನ್ನು ನಮ್ಮ ಪಾಡಿಗೆ ಬಿಟ್ಟುಬಿಡಿ ಸಿಸ್ಟರ್" ಎನ್ನುವ ಯುವಜನರೂ ಇದನ್ನು ಗಮನಿಸಬೇಕು.

ಹಿರಿಯರ ಕಡೆಯಿಂದ ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿಯ ಮಾತು ಉಪಯುಕ್ತ. 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಮನುಷ್ಯನ ಬೆಳವಣಿಗೆಯನ್ನು ಎಂಟು ಹಂತಗಳಾಗಿ ವಿವರಿಸಿದರು. ಹದಿಹರೆಯದವರ ಮುಖ್ಯ ಪ್ರಶ್ನೆ "ನಾನು ಯಾರು?" ಎಂಬುದು. ನಡುವಯಸ್ಸು ಮುಟ್ಟಿದವರ ಪ್ರಶ್ನೆ "ಮುಂದಿನವರಿಗೆ ನಾನು ಏನು ಕೊಟ್ಟೆ?" ಎಂಬುದು. ಕೊಡುವ ಅವಕಾಶ ಸಿಕ್ಕದ ಹಿರಿಯರು ಒಳಗೊಳಗೇ ಒಣಗುತ್ತಾರೆ. ಮನೆಯಲ್ಲಿ ಸದಾ ಗೊಣಗುವ ಎಷ್ಟೋ ಹಿರಿಯರ ಗೊಣಗಾಟದ ಬುಡದಲ್ಲಿ ಇರುವುದು "ನನ್ನಿಂದ ಇನ್ನು ಯಾರಿಗೂ ಏನೂ ಬೇಕಿಲ್ಲ" ಎಂಬ ನೋವು. ಹಾಗಾಗಿ ಶಿಬಿರ ಯುವಜನರಿಗೆ ಮಾತ್ರ ಔಷಧಿ ಅಲ್ಲ.

ಮೂರನೆಯದು ನಮಗೆಲ್ಲ ಪರಿಚಿತವಾದ ಕ್ರಮ: ನೋಡು, ವಿಮರ್ಶಿಸು, ಕಾರ್ಯಮಾಡು. ಬೆಲ್ಜಿಯಂ ದೇಶದ ಯಾಜಕ ಜೋಸೆಫ್ ಕಾರ್ಡೈನ್ ಅವರು ಯುವ ಕಾರ್ಮಿಕರ ಸಂಘಟನೆಯಲ್ಲಿ ಇದನ್ನು ಬೆಳೆಸಿದರು. 1961ರಲ್ಲಿ ಪೋಪ್ 23ನೇ ಜಾನ್ ಅವರು ತಮ್ಮ ವಿಶ್ವಪತ್ರದಲ್ಲಿ ಇದನ್ನು ಎತ್ತಿ ಹೇಳಿದರು. ಶಿಬಿರಗಳಲ್ಲಿ ನಾನು ಕಂಡದ್ದು ಇದು: ಹಿರಿಯರಿಗೆ "ನೋಡು" ಎಂಬುದನ್ನು ಹಾರಿ ನೇರ ವಿಮರ್ಶೆಗೆ ಹೋಗುವ ಚಟ. ಕಿರಿಯರಿಗೆ ವಿಮರ್ಶೆಯನ್ನು ಹಾರಿ ನೇರ ಕಾರ್ಯಕ್ಕೆ ಧುಮುಕುವ ಆತುರ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮೊದಲು "ನೋಡು" ಎಂಬ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು, ಉಳಿದ ಎರಡು ತಾವಾಗಿ ಸರಿಯಾಗುತ್ತವೆ.

4. ಮೂವರ ತಂಡ: ಕೆಲಸ ಹಂಚುವ ಬಗೆ

ಶಿಬಿರ ಚಳುವಳಿಯ ಚರಿತ್ರೆಯಲ್ಲಿ ಸಣ್ಣ ತಂಡಕ್ಕೆ ದೊಡ್ಡ ಸ್ಥಾನವಿದೆ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಸುಮಾರು 20 ಹುಡುಗರನ್ನು ಸೇರಿಸಿ ಶಿಬಿರ ಮಾಡಿದಾಗ ಅವರನ್ನು ನಾಲ್ಕು ತಂಡ ಮಾಡಿ, ಪ್ರತಿ ತಂಡವನ್ನೂ ಒಬ್ಬ ಹುಡುಗನ ಕೈಗೇ ಒಪ್ಪಿಸಿದರು. ಸ್ಕೌಟ್ ಚಳುವಳಿ ಬೆಳೆದದ್ದು ಅಲ್ಲಿಂದ.

ನಮ್ಮ ಶಿಬಿರಗಳಿಗೆ ನಾನು ಸೂಚಿಸುವುದು ಮೂವರ ತಂಡ: ಒಬ್ಬ ಹಿರಿಯರು, ಇಬ್ಬರು ಕಿರಿಯರು. ಒಬ್ಬರಿಗೆ ಒಬ್ಬರು ಯಾಕಲ್ಲ? ಕಾರಣ ಎರಡು. ಒಬ್ಬನೇ ಇದ್ದರೆ ಕಿರಿಯ ಬಾಯಿ ಬಿಡುವುದಿಲ್ಲ, "ಹ್ಞೂಂ ತಾತ" ಎಂದು ತಲೆಯಾಡಿಸುತ್ತಾನೆ. ಇಬ್ಬರಿದ್ದರೆ ಒಬ್ಬರಿಗೊಬ್ಬರು ಧೈರ್ಯ. ಎರಡನೆಯದು ಮಕ್ಕಳ ಸುರಕ್ಷತೆ. ಅದನ್ನು ಮುಂದೆ ವಿವರಿಸಿದ್ದೇನೆ. ಹೆಣ್ಣುಮಕ್ಕಳ ತಂಡಕ್ಕೆ ಹಿರಿಯ ಮಹಿಳೆಯೇ ಇರಲಿ.

ಈ ಮೂವರಿಗೆ ಮೂರು ದಿನವೂ ಒಂದೇ ಕೆಲಸದ ಹೊಣೆ. ಕೆಲವು ಉದಾಹರಣೆಗಳು:

ಅಡುಗೆ ಮನೆ. ಶಿಬಿರದ ಅತ್ಯುತ್ತಮ ತರಗತಿ ಇದು. ಅರವತ್ತು ಜನರಿಗೆ ರಾಗಿ ಮುದ್ದೆ ಮಾಡುವುದು ಪುಸ್ತಕ ನೋಡಿ ಬರುವ ವಿದ್ಯೆಯಲ್ಲ. ಒಂದು ಬೇಸಿಗೆ ಶಿಬಿರದಲ್ಲಿ ಎಸರು ಕುದಿಯುತ್ತಿರುವಾಗ ಡಿಗ್ರಿ ಓದುತ್ತಿದ್ದ ಹುಡುಗನೊಬ್ಬ ಹಿಟ್ಟು ಹಾಕಿ ಕೂಡಲೇ ಕೋಲು ಆಡಿಸಲು ಹೋದ. "ಸುಮ್ನಿರಪ್ಪಾ, ಬೇಯಲಿ. ನೀನು ಅವಸರ ಮಾಡಿದ್ರೆ ಅದು ಗಂಟು ಕಟ್ತದೆ" ಎಂದರು ಅಜ್ಜಿ. ತೋಳಿನ ಶಕ್ತಿ ಅವನದು, ಹೊತ್ತು ತಿಳಿಯುವ ಜಾಣ್ಮೆ ಅಜ್ಜಿಯದು. ಅಂದು ಸಂಜೆ ಅದೇ ಹುಡುಗ ಅಜ್ಜಿಯ ಮೊಬೈಲಿನಲ್ಲಿ ದೂರದ ಊರಿನ ಮೊಮ್ಮಗಳಿಗೆ ವಿಡಿಯೋ ಕರೆ ಮಾಡುವುದನ್ನು ಕಲಿಸಿದ. ಅಜ್ಜಿ ಮೂರು ಸಲ ಮರೆತರು, ನಾಲ್ಕನೆಯ ಸಲ ತಾವೇ ಮಾಡಿದರು. ಬೇಯಲು ಬಿಡುವ ತಾಳ್ಮೆಯನ್ನು ಹುಡುಗನೂ ಅಷ್ಟರಲ್ಲಿ ಕಲಿತಿದ್ದ.

ಹೊಲದ ಕೆಲಸ. ಹಾಸನ ಆಲೂಗಡ್ಡೆಯ ಜಿಲ್ಲೆ. ಮುಂಗಾರು ಪೂರ್ವದ ಮಳೆ ಬಿದ್ದಾಗ ಮೇ ತಿಂಗಳಲ್ಲಿ ಬಿತ್ತನೆಗೆ ತಯಾರಿ. ಶಿಬಿರದ ಒಂದು ಬೆಳಿಗ್ಗೆ ಬಡ ವಿಧವೆಯೊಬ್ಬರ ಅಥವಾ ಒಂಟಿ ವೃದ್ಧರ ಹೊಲದಲ್ಲಿ ಶ್ರಮದಾನ ಇಟ್ಟುಕೊಳ್ಳಿ. ಬೀಜದ ಗಡ್ಡೆಯ ಕಣ್ಣು ನೋಡಿ ಕತ್ತರಿಸುವುದನ್ನು ಹಿರಿಯರು ತೋರಿಸಲಿ. ಕತ್ತಿಯನ್ನು ಔಷಧಿಯ ನೀರಿನಲ್ಲಿ ಅದ್ದಿ ಶುದ್ಧ ಮಾಡಿಕೊಳ್ಳುವುದು, ಬೀಜೋಪಚಾರ, ಅಂಗಮಾರಿ ರೋಗದ ಬಗ್ಗೆ ಇಲಾಖೆ ಹೇಳುವ ಮುನ್ನೆಚ್ಚರಿಕೆ, ಇವನ್ನು ಯುವಜನರು ತಿಳಿದುಕೊಂಡು ಬಂದು ಹೇಳಲಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಗೆ ಇಲ್ಲಿ ಇನ್ನೊಂದು ಅರ್ಥ: ಕೈ ಕೆಸರಾದ ಮೇಲೆ ಬಾಯಿಯೂ ಬಿಚ್ಚುತ್ತದೆ.

ನೆನಪಿನ ಕೆಲಸ. ಮುಳುಗಡೆಯಾದ ಊರುಗಳಿಂದ ಬಂದ ಹಿರಿಯರನ್ನು ಶಿಬಿರಕ್ಕೆ ಕರೆಯಿರಿ, ಅಥವಾ ಅವರ ಮನೆಗೇ ಹೋಗಿ. ಒಬ್ಬರು ಕೇಳಲಿ, ಇನ್ನೊಬ್ಬರು ಮೊಬೈಲಿನಲ್ಲಿ ಧ್ವನಿ ಮುದ್ರಿಸಲಿ. ಮುದ್ರಿಸುವ ಮೊದಲು ಅನುಮತಿ ಕೇಳಬೇಕು. "ನಿಮ್ಮ ಜೀವನ ಚರಿತ್ರೆ ಹೇಳಿ" ಎಂದು ಕೇಳಿದರೆ ಯಾರೂ ಹೇಳಲಾರರು. "ನಿಮ್ಮ ಹಳೆ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ತಾತ?" ಎಂದು ಕೇಳಿ. ಒಂದು ದೊಡ್ಡ ಹಾಳೆ ಕೊಟ್ಟು ಊರಿನ ನಕ್ಷೆ ಬರೆಯಲು ಹೇಳಿ: ದೇವಾಲಯ, ಬಾವಿ, ಕಣ, ಸ್ಮಶಾನ. ಹಿರಿಯರು ಹೇಳುತ್ತಾ ಹೋಗಲಿ, ಕಿರಿಯರು ಗೀಚುತ್ತಾ ಹೋಗಲಿ. ಹಿರಿಯರಿಗೆ ಗಂಟಲು ಕಟ್ಟಿದರೆ ಪ್ರಶ್ನೆ ನಿಲ್ಲಿಸಿ, ಸುಮ್ಮನೆ ಜೊತೆಯಲ್ಲಿ ಕುಳಿತಿರಿ. ಮುದ್ರಿಸಿದ್ದನ್ನು ಬರೆದು ಧರ್ಮಕೇಂದ್ರದಲ್ಲಿ ಒಂದು ಪ್ರತಿ, ಆ ಮನೆಯವರಿಗೆ ಒಂದು ಪ್ರತಿ ಕೊಡಿ.

ಹಣಕಾಸು. ಶಿಬಿರದ ಖರ್ಚಿನ ಪುಸ್ತಕವನ್ನು ಯುವಜನರೇ ಬರೆಯಲಿ. ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆದು ಅಭ್ಯಾಸವಿರುವ ಹಿರಿಯ ಮಹಿಳೆಯೊಬ್ಬರು ಪ್ರತಿ ರಾತ್ರಿ ಜೊತೆಗೆ ಕುಳಿತು ರಶೀದಿ ತಾಳೆ ನೋಡಲಿ. ಹಣದ ವಿಷಯದಲ್ಲಿ ನಂಬಿಕೆ ಇಟ್ಟರೆ ಯುವಜನರು ಬೇಗ ದೊಡ್ಡವರಾಗುತ್ತಾರೆ.

ಶಿಬಿರಕ್ಕೆ ಎರಡು ತಿಂಗಳು ಮುಂಚೆಯೇ ಒಂದು ಯೋಜನಾ ಸಮಿತಿ ಮಾಡಿ: ಆರು ಯುವಜನರು, ಮೂವರು ಹಿರಿಯರು. ಅಧ್ಯಕ್ಷತೆ ಯುವಜನರದು. ಸುರಕ್ಷತೆ, ಮಕ್ಕಳ ರಕ್ಷಣೆ, ಲೆಕ್ಕಪತ್ರ ಈ ಮೂರರಲ್ಲಿ ಹಿರಿಯರು "ಬೇಡ" ಎಂದರೆ ಅದು ಬೇಡವೇ. ಉಳಿದೆಲ್ಲದರಲ್ಲಿ, ಅಂದರೆ ವಿಷಯ, ಹಾಡು, ಆಟ, ವೇಳಾಪಟ್ಟಿಯಲ್ಲಿ ಹಿರಿಯರು ಸಲಹೆ ಕೊಡಬಹುದು, ತೀರ್ಮಾನ ಯುವಜನರದು. ಈ ಗೆರೆಯನ್ನು ಮೊದಲ ಸಭೆಯಲ್ಲೇ ಎಳೆದು ಬರೆದಿಡಿ.

5. ಜಗಳ ಬರುವ ಜಾಗಗಳು

ಎರಡು ತಲೆಮಾರು ಕೂಡಿದಲ್ಲಿ ಘರ್ಷಣೆ ಸಹಜ. ಮುಂಚೆಯೇ ಗೊತ್ತಿದ್ದರೆ ಅರ್ಧ ಪರಿಹಾರ.

ಹೊತ್ತು: ಹಿರಿಯರು ಐದು ಗಂಟೆಗೆ ಎದ್ದು ಜಪಸರ ಹಿಡಿಯುತ್ತಾರೆ. ಯುವಜನರು ರಾತ್ರಿ ಹನ್ನೆರಡರವರೆಗೆ ಹರಟುತ್ತಾರೆ. ಬೆಳಗಿನ ಪ್ರಾರ್ಥನೆ ಆರೂವರೆಗೆ, ರಾತ್ರಿ ದೀಪ ಹತ್ತೂವರೆಗೆ ಎಂದು ಇಬ್ಬರೂ ಒಪ್ಪಿದ ಹೊತ್ತು ಗೊತ್ತು ಮಾಡಿಕೊಳ್ಳಿ.

ಮೊಬೈಲು: ಕಸಿದುಕೊಂಡು ಪೆಟ್ಟಿಗೆಯಲ್ಲಿ ಬೀಗ ಹಾಕುವುದು ಸುಲಭ, ಆದರೆ ಅದು ಅಪನಂಬಿಕೆಯ ಪಾಠ. ಬಳಸುವ ಹೊತ್ತನ್ನು ಯುವಜನರ ಸಮಿತಿಯೇ ನಿಗದಿ ಮಾಡಲಿ. ಆ ನಿಯಮ ಹಿರಿಯರಿಗೂ ಅನ್ವಯಿಸಲಿ. ಭಾಷಣದ ಮಧ್ಯೆ ರಿಂಗಣಿಸುವ ಮೊಬೈಲು ಹೆಚ್ಚಾಗಿ ಯಾರದೆಂದು ನಿಮಗೆ ಗೊತ್ತೇ ಇದೆ!

ಹಾಡು ಮತ್ತು ಆರಾಧನೆ: ಹಿರಿಯರಿಗೆ ಹಳೆಯ ಕೀರ್ತನೆ, ಯುವಜನರಿಗೆ ಗಿಟಾರು, ಡ್ರಮ್ಸ್. ಒಂದು ಬಲಿಪೂಜೆಯಲ್ಲಿ ಎರಡಕ್ಕೂ ಜಾಗವಿದೆ. ಹಿರಿಯರೊಬ್ಬರು ಒಂದು ಹಳೆ ಹಾಡನ್ನು ಕಲಿಸಲಿ, ಯುವಜನರು ಅದಕ್ಕೆ ವಾದ್ಯ ಕೂಡಿಸಲಿ.

ಕೆಲಸದ ಹಂಚಿಕೆ: ಹೆಣ್ಣುಮಕ್ಕಳು ಅಡುಗೆಗೆ, ಗಂಡುಮಕ್ಕಳು ಮೈಕಿಗೆ ಎಂಬ ಹಳೆ ರೂಢಿಯನ್ನು ಶಿಬಿರದಲ್ಲಾದರೂ ಮುರಿಯಿರಿ. ಜಾತಿ, ಊರು, ಮನೆತನ ನೋಡಿ ತಂಡ ಕಟ್ಟುವುದು ಬೇಡ. ಚೀಟಿ ಎತ್ತಿ ತಂಡ ಮಾಡಿ.

ಹಿರಿಯರ ದೇಹ: ಮಂಡಿ ನೋವಿನವರಿಗೆ ಮಂಚ, ಹತ್ತಿರದಲ್ಲೇ ಶೌಚಾಲಯ, ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ಊಟ. ಮೈಕಿಲ್ಲದೆ ಮಾತಾಡಿದರೆ ಕೆಲವರಿಗೆ ಕೇಳಿಸದು. ಇದನ್ನೆಲ್ಲ ವಿಚಾರಿಸುವ ಹೊಣೆಯನ್ನು ಅವರವರ ತಂಡದ ಕಿರಿಯರಿಗೇ ಕೊಡಿ.

6. ಸುರಕ್ಷತೆ: ಇಲ್ಲಿ ರಾಜಿ ಇಲ್ಲ

ನೀರು: ಹೇಮಾವತಿಯ ಹಿನ್ನೀರಿನಲ್ಲಿ, ಹೊಳೆಯಲ್ಲಿ, ನಾಲೆಯಲ್ಲಿ ಈಜಾಟ ಬೇಡ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಹೂಳು, ಗುಂಡಿ, ಹಳೆಯ ಬಾವಿ ಇರಬಹುದು. ಜೀವರಕ್ಷಕ ಜಾಕೆಟ್ ಇಲ್ಲದೆ ತೆಪ್ಪ ಏರಬಾರದು. "ಸ್ನಾನಕ್ಕೆ ಮಾತ್ರ ಸಿಸ್ಟರ್" ಎಂಬ ವಿನಂತಿಗೂ ಉತ್ತರ ಇಲ್ಲ ಎಂದೇ.

ಶಿಥಿಲ ಕಟ್ಟಡ: ಶೆಟ್ಟಿಹಳ್ಳಿಗೆ ಹೋದರೆ ಹೊರಗೆ ದೂರದಲ್ಲಿ ನಿಂತು ಪ್ರಾರ್ಥನೆ ಮಾಡಿ. ಪ್ರತಿ ವರ್ಷ ನೀರು ಕುಡಿದು ಒಣಗಿದ ಗೋಡೆ ಅದು. ಒಳಗೆ ಹೋಗುವುದು, ಗೋಡೆ ಹತ್ತುವುದು, ಕಲ್ಲು ಇಟ್ಟಿಗೆ ತರುವುದು, ಹೆಸರು ಕೆತ್ತುವುದು ಯಾವುದೂ ಬೇಡ.

ಮಕ್ಕಳ ರಕ್ಷಣೆ: ಶಿಬಿರಕ್ಕೆ ಬರುವವರಲ್ಲಿ 18 ತುಂಬದವರು ಇದ್ದೇ ಇರುತ್ತಾರೆ. ಅವರೆಲ್ಲ 2012ರ ಪೋಕ್ಸೋ ಕಾಯ್ದೆಯ ರಕ್ಷಣೆಯಲ್ಲಿದ್ದಾರೆ. ಯಾವ ಹಿರಿಯರೂ, ಅವರು ಯಾಜಕರಿರಲಿ, ಸಿಸ್ಟರ್ ಇರಲಿ, ಶಿಕ್ಷಕರಿರಲಿ, ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಮೂವರ ತಂಡದ ನಿಯಮ ಇದಕ್ಕೂ ಸಹಾಯ. ಮಲಗುವ ಜಾಗ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ, ಪ್ರತಿ ಕಡೆ ಇಬ್ಬರು ಹೊಣೆಗಾರರು. ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ. ಮಗುವೊಂದು ದೂರು ಹೇಳಿದರೆ ನಂಬಿ ಕೇಳಿ. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ, ಮುಚ್ಚಿಡುವುದು ಅಪರಾಧ. "ಧರ್ಮಕೇಂದ್ರದ ಮರ್ಯಾದೆ ಹೋಗ್ತದೆ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಮಗುವಿನ ಮರ್ಯಾದೆಯೇ ಧರ್ಮಕೇಂದ್ರದ ಮರ್ಯಾದೆ. ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

7. ಶಿಬಿರ ಮುಗಿದ ಮೇಲೆ

ಕೊನೆಯ ದಿನ ಹಿರಿಯರು ಕಿರಿಯರಿಗೆ ಪ್ರಮಾಣಪತ್ರ ಕೊಡುವ ಬದಲು, ತಂಡದ ಮೂವರೂ ಎದ್ದು ನಿಂತು ಒಬ್ಬರಿಂದೊಬ್ಬರು ಕಲಿತ ಒಂದೊಂದು ಸಂಗತಿ ಹೇಳಲಿ. ಭಾಷಣ ಬೇಡ, ಒಂದು ವಾಕ್ಯ ಸಾಕು.

ತಿಂಗಳಿಗೊಮ್ಮೆ ತಂಡದ ಕಿರಿಯರಿಬ್ಬರೂ ತಮ್ಮ ಹಿರಿಯರ ಮನೆಗೆ ಹೋಗಿ ಬರಲಿ. ಪಿಂಚಣಿ ಪತ್ರ ತುಂಬಿಸುವುದು, ಕಣ್ಣಿನ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು, ಆಧಾರ್ ತಿದ್ದಿಸುವುದು, ಇಂಥ ಸಣ್ಣ ಕೆಲಸಗಳು ಹಿರಿಯರಿಗೆ ಬೆಟ್ಟದಂತಿರುತ್ತವೆ. ಹಿರಿಯರೂ ಸುಮ್ಮನಿರಬೇಡಿ. ನಿಮ್ಮ ತಂಡದ ಹುಡುಗ ಪರೀಕ್ಷೆಯಲ್ಲಿ ಫೇಲಾದರೆ, ಕೆಲಸ ಸಿಗದೆ ಮಂಕಾದರೆ, ಮೊದಲು ಫೋನ್ ಮಾಡುವವರು ನೀವಾಗಿರಿ. ಬುದ್ಧಿ ಹೇಳಲು ಹೋಗಬೇಡಿ. "ಊಟ ಆಯ್ತೇನಪ್ಪಾ?" ಎಂದು ಕೇಳಿದರೆ ಸಾಕು.

ಚರ್ಚೆಗೆ ಪ್ರಶ್ನೆಗಳು

(ಮೂವರ ತಂಡಗಳಲ್ಲಿ ಚರ್ಚಿಸಿ. ಮೊದಲ ಮಾತು ವಯಸ್ಸಿನಲ್ಲಿ ಅತಿ ಚಿಕ್ಕವರದು.)

1. ನಮ್ಮ ಧರ್ಮಕೇಂದ್ರದ ಹಿಂದಿನ ಶಿಬಿರದಲ್ಲಿ ತೀರ್ಮಾನಗಳನ್ನು ಯಾರು ತೆಗೆದುಕೊಂಡರು? ಕೆಲಸ ಯಾರು ಮಾಡಿದರು? ಎಂಟು ಮೆಟ್ಟಿಲಿನ ಏಣಿಯಲ್ಲಿ ನಾವು ಎಲ್ಲಿದ್ದೆವು?
2. ಏಲಿ ಮತ್ತು ಇತ್ರೋ, ಇವರಲ್ಲಿ ನಮ್ಮ ಹಿರಿಯರು ಯಾರಿಂದ ಹೆಚ್ಚು ಕಲಿಯಬೇಕಾಗಿದೆ? ಯಾಕೆ?
3. ನಮ್ಮ ಊರಿನಲ್ಲಿ ಇನ್ನು ಹತ್ತು ವರ್ಷದಲ್ಲಿ ಮರೆತುಹೋಗಬಹುದಾದ ಒಂದು ನೆನಪು ಯಾವುದು? ಅದನ್ನು ಬಲ್ಲವರು ಯಾರು?
4. ಕಿರಿಯರು ಹೇಳಲು ಹೆದರುವ, ಹಿರಿಯರು ಕೇಳಲೇಬೇಕಾದ ಒಂದು ಮಾತು ಏನು?

ಕಾರ್ಯ

ಮುಂದಿನ ಭಾನುವಾರದೊಳಗೆ ಪ್ರತಿ ಯುವಕ ಯುವತಿ, ತಮ್ಮ ಮನೆಯವರಲ್ಲದ ಒಬ್ಬ ಹಿರಿಯರನ್ನು ಭೇಟಿ ಮಾಡಿ ಅವರಿಂದ ಒಂದು ಕೆಲಸ ಕಲಿಯಿರಿ, ಅವರಿಗೆ ಒಂದು ಕೆಲಸ ಕಲಿಸಿ. ಹಿರಿಯರೇ, ಬಂದ ಮಕ್ಕಳಿಗೆ ಕಾಫಿ ಕೊಟ್ಟು ಕಳಿಸಿಬಿಡಬೇಡಿ. ಕೈಗೆ ಕೆಲಸ ಕೊಡಿ, ಪಕ್ಕದಲ್ಲಿ ಕುಳಿತುಕೊಳ್ಳಿ.

ಪ್ರಾರ್ಥನೆ

ತಂದೆಯಾದ ದೇವರೇ, ಬಾಲಕ ಸಮುವೇಲನನ್ನು ಹೆಸರು ಹಿಡಿದು ಕರೆದವರು ನೀವು, ಮುದುಕ ಏಲಿಯ ಮೂಲಕ ಆ ಕರೆಯನ್ನು ತಿಳಿಯಪಡಿಸಿದವರೂ ನೀವೇ. ನಮ್ಮಲ್ಲಿ ಹಿರಿಯರಾದವರಿಗೆ ಬಿಟ್ಟುಕೊಡುವ ಮನಸ್ಸು ಕೊಡಿ, ಕಿರಿಯರಾದವರಿಗೆ ನಿಂತು ಕೇಳುವ ಮನಸ್ಸು ಕೊಡಿ. ಮುಳುಗಿದ ಊರುಗಳ ನೆನಪನ್ನೂ ಇನ್ನೂ ಕಟ್ಟಬೇಕಾದ ಊರುಗಳ ಕನಸನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಂಡು ನಾವು ಜೊತೆಯಾಗಿ ನಡೆಯುವಂತೆ ಮಾಡಿ. ಆಮೆನ್.